ಕ್ವಾಂಟಂ ಗಣಕ: ಎಂಜಿನಿಯರರಿಗೆ ದಕ್ಕುವುದೆಷ್ಟು?

ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅನುಮೋದನೆ ನೀಡಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಗಣಕಗಳನ್ನು ನಿರ್ಮಿಸುವುದು ಅದರ ಗುರಿಗಳಲ್ಲೊಂದು. ಗಣಕ ವಿಭಾಗದ ಕೇಂದ್ರವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆಯ್ಕೆಯಾಗಿದೆ. 2025ರಲ್ಲಿ ರಾಜ್ಯ ಸರ್ಕಾರವೂ ಸಾವಿರ ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಸಾರ್ವಜನಿಕರ ಹಣ ಇಷ್ಟು ಪ್ರಮಾಣದಲ್ಲಿ ಹರಿಯುವಾಗ, ಸೇತುವೆ, ವಿಮಾನ, ಟರ್ಬೈನುಗಳನ್ನು ರೂಪಿಸುವವರಿಗೆ ಈ ಯಂತ್ರದಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾದುದು.

ಸೇತುವೆಯ ಮೇಲಿನ ಭಾರವನ್ನಾಗಲಿ, ರೆಕ್ಕೆಯ ಸುತ್ತಲಿನ ಗಾಳಿಯ ಹರಿವನ್ನಾಗಲಿ ಲೆಕ್ಕ ಹಾಕಲು ಎಂಜಿನಿಯರರು ಅದನ್ನು ಲಕ್ಷಾಂತರ ಸಣ್ಣ ಭಾಗಗಳಾಗಿ ವಿಂಗಡಿಸಿ, ಅಷ್ಟೇ ಸಮೀಕರಣಗಳನ್ನು ಬಿಡಿಸುತ್ತಾರೆ. ಇಂತಹ ಸಮೀಕರಣಗಳನ್ನು ಅತಿ ವೇಗವಾಗಿ ಬಿಡಿಸಬಲ್ಲ ಕ್ವಾಂಟಂ ವಿಧಾನವೊಂದನ್ನು ಹ್ಯಾರೋ, ಹಸ್ಸಿದಿಮ್ ಮತ್ತು ಲಾಯ್ಡ್ 2009ರಲ್ಲಿ ಪ್ರಕಟಿಸಿದರು. ಆದರೆ ತೊಡಕಿರುವುದು ಹೆಬ್ಬಾಗಿಲು ಮತ್ತು ಹಿಂಬಾಗಿಲುಗಳಲ್ಲಿ. 30 ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ಣವಾಗಿ ವಿವರಿಸಲು 107 ಕೋಟಿ ಸಂಖ್ಯೆಗಳು ಬೇಕು. ಅದನ್ನು ಒಮ್ಮೆ ಅಳೆದಾಗ ಕೈಗೆ ಬರುವುದು 30 ಬಿಟ್‌ಗಳು ಮಾತ್ರ. ಅಪಾರ ಮಾಹಿತಿಯನ್ನು ಒಳಕ್ಕೆ ತುಂಬುವುದರಲ್ಲಿ, ಉತ್ತರವನ್ನು ಬಿಂದುಬಿಂದುವಾಗಿ ಹೊರತೆಗೆಯುವುದರಲ್ಲಿ ಗಳಿಸಿದ ವೇಗವೆಲ್ಲ ಸೋರಿಹೋಗುತ್ತದೆ.

ಎರಡನೆಯ ಮಿತಿ ದೋಷದ್ದು. ಕ್ಯೂಬಿಟ್‌ಗಳು ಸುತ್ತಲಿನ ಅಲ್ಪ ಪ್ರಭಾವಕ್ಕೂ ಕೆಡುತ್ತವೆ. ಗೂಗಲ್ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ 105 ಕ್ಯೂಬಿಟ್‌ಗಳ 'ವಿಲೋ' ಚಿಪ್‌ನಲ್ಲಿ, ಕ್ಯೂಬಿಟ್‌ಗಳನ್ನು ಹೆಚ್ಚಿಸಿದಂತೆ ದೋಷ ಕಡಿಮೆಯಾಯಿತು. ಇದು ನಿಜವಾದ ಸಾಧನೆಯೇ. ಆದರೆ ಆ ಪ್ರಯೋಗದಲ್ಲಿ ಸುಮಾರು ನೂರು ಕ್ಯೂಬಿಟ್‌ಗಳು ಕೂಡಿ ರೂಪಿಸಿದ್ದು ನಂಬಬಹುದಾದ ಒಂದೇ ಕ್ಯೂಬಿಟ್ಟನ್ನು. ಅದೇ ಅನುಪಾತ ಹಿಡಿದರೆ ನಮ್ಮ ಮಿಷನ್‌ನ ಗರಿಷ್ಠ ಗುರಿಯಾದ ಸಾವಿರ ಕ್ಯೂಬಿಟ್‌ಗಳಿಂದ ದೊರೆಯುವುದು ಹತ್ತು ಮಾತ್ರ.

ಹಾಗೆಂದು ಇಡೀ ಕ್ಷೇತ್ರವೇ ಬರಿಯ ಆಡಂಬರವೆನ್ನುವುದು ತಪ್ಪು. ನಿಸರ್ಗವೇ ಕ್ವಾಂಟಂ ನಿಯಮಗಳಿಂದ ನಡೆಯುವುದರಿಂದ ಅದರ ಅನುಕರಣೆಗೂ ಅಂಥದೇ ಯಂತ್ರ ಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲಿಯೇ ಪ್ರತಿಪಾದಿಸಿದ್ದರು. ಬ್ಯಾಟರಿಯ ವಸ್ತುಗಳು, ರಾಸಾಯನಿಕ ವೇಗವರ್ಧಕಗಳು ಈ ವರ್ಗಕ್ಕೆ ಸೇರಿದವು. ಗೊಬ್ಬರದ ಕಾರ್ಖಾನೆ ಅಪಾರ ಶಾಖ ಮತ್ತು ಒತ್ತಡದಿಂದ ತಯಾರಿಸುವ ಅಮೋನಿಯವನ್ನು ತೊಗರಿ, ಕಡಲೆ ಗಿಡಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಮಣ್ಣಿನ ಸಹಜ ಉಷ್ಣಾಂಶದಲ್ಲಿಯೇ ತಯಾರಿಸುತ್ತವೆ. ಅಲ್ಲಿ ಕೆಲಸ ಮಾಡುವ ಕಿಣ್ವದ ರಹಸ್ಯ ಭೇದಿಸುವುದು ಕ್ವಾಂಟಂ ಗಣಕಕ್ಕೆ ತಕ್ಕ ಕಾರ್ಯ. ಇಲ್ಲಿ ಒಳಕ್ಕೆ ತುಂಬಬೇಕಾದ ಮಾಹಿತಿ ಸ್ವಲ್ಪ, ಹೊರಬರಬೇಕಾದ ಉತ್ತರ ಶಕ್ತಿಯ ಮೌಲ್ಯದಂತಹ ಕೆಲವೇ ಸಂಖ್ಯೆಗಳು. ಬಾಗಿಲುಗಳ ತೊಡಕು ಅಷ್ಟಾಗಿ ಬಾಧಿಸದು.

ಹೋಲಿಕೆಯ ವಿಷಯದಲ್ಲಂತೂ ಎಚ್ಚರ ಅಗತ್ಯ. 2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್‌ಗಳ ಯಂತ್ರ 200 ಸೆಕೆಂಡುಗಳಲ್ಲಿ ಮಾಡಿದ ಲೆಕ್ಕಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕೆಂದಿತು. ಎರಡೂವರೆ ದಿನ ಸಾಕೆಂದು ಐಬಿಎಂ ಪ್ರತಿವಾದಿಸಿತು. ಆ ಲೆಕ್ಕವೂ ಯಂತ್ರವನ್ನು ಪರೀಕ್ಷಿಸಲು ಆಯ್ದುಕೊಂಡದ್ದೇ ಹೊರತು ಯಾವ ಎಂಜಿನಿಯರರ ಮೇಜಿನಿಂದ ಬಂದದ್ದಲ್ಲ.

ಆದ್ದರಿಂದ ಸರ್ಕಾರಗಳು ಕ್ಯೂಬಿಟ್‌ಗಳ ಸಂಖ್ಯೆಯನ್ನಷ್ಟೇ ಎಣಿಸದೆ, ಯಾವ ಸಮಸ್ಯೆ ಬಿಡಿಸಲಾಯಿತು, ಈಗಿನ ಅತ್ಯುತ್ತಮ ವಿಧಾನಕ್ಕಿಂತ ಎಷ್ಟು ಮೇಲು ಎಂದು ಕೇಳಬೇಕು. ಎಂಜಿನಿಯರಿಂಗ್ ಕಾಲೇಜುಗಳೂ ಹೊಸ ವಿಷಯದ ಭರದಲ್ಲಿ ಹಳೆಯ ಗಣನ ವಿಧಾನಗಳ ಬೋಧನೆಯನ್ನು ಸಡಿಲಗೊಳಿಸಬಾರದು. ಇಂದು ಕಟ್ಟಬೇಕಾದ ಸೇತುವೆಯ ಲೆಕ್ಕ ಇಂದಿನ ಗಣಕದಲ್ಲಿಯೇ ಆಗಬೇಕಾಗಿದೆ.