ಪೈಪ್‌ಲೈನ್ ಹಾದ ಹೊಲಕ್ಕೆ ವರ್ಷ ವರ್ಷ ಬಾಡಿಗೆ ಕೊಡಿ

ವಿದೇಶದಿಂದ ಹಡಗಿನಲ್ಲಿ ಬರುವ ದ್ರವೀಕೃತ ನೈಸರ್ಗಿಕ ಅನಿಲ (ಎಲ್‌ಎನ್‌ಜಿ) ಮಹಾರಾಷ್ಟ್ರದ ದಾಭೋಲ್ ಟರ್ಮಿನಲ್‌ನಲ್ಲಿ ಇಳಿಯುತ್ತದೆ. ಅಲ್ಲಿಂದ ಹೊರಟ ಗೇಲ್ ಪೈಪ್‌ಲೈನ್ ಬೆಳಗಾವಿಯ ಕಡೆಯಿಂದ ಕರ್ನಾಟಕದ ಗಡಿ ದಾಟಿ, ಸುಮಾರು 1,000 ಕಿ.ಮೀ. ಸಾಗಿ ಬಿಡದಿ ಮುಟ್ಟುತ್ತದೆ. ಅದು ಚಾಲೂ ಆದದ್ದು 2013ರಲ್ಲಿ. ಬಿಡದಿಯಲ್ಲಿ 700 ಮೆಗಾವ್ಯಾಟ್‌ನ ಅನಿಲ ವಿದ್ಯುತ್ ಸ್ಥಾವರ ಕಟ್ಟುತ್ತೇವೆಂದು ಕರ್ನಾಟಕ ವಿದ್ಯುತ್ ನಿಗಮ ಹೇಳುತ್ತಿದ್ದ ಕಾಲವದು. ಪೈಪ್ ಬಂತು, ಸ್ಥಾವರ ಬರಲಿಲ್ಲ. ಅನಿಲದಿಂದ ಓಡುವ 370 ಮೆಗಾವ್ಯಾಟ್ ಸ್ಥಾವರ 2024ರಲ್ಲಿ ಉದ್ಘಾಟನೆಯಾದದ್ದು ಯಲಹಂಕದಲ್ಲಿ. ಬಿಡದಿಯ ಪಾಲಿಗೆ ಬಂದದ್ದು ಬೆಂಗಳೂರಿನ ಕಸ ಸುಟ್ಟು 11.5 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಘಟಕ.

ಸ್ಥಾವರ ಬರದಿದ್ದರೂ ಹೊಲದ ಮೇಲಿನ ನಿರ್ಬಂಧ ಮಾತ್ರ ಉಳಿದುಕೊಂಡಿತು. 1962ರ ಪೈಪ್‌ಲೈನ್ ಕಾಯ್ದೆ ಜಮೀನನ್ನು ರೈತನಿಂದ ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿ ರೈತನ ಹೆಸರಿನಲ್ಲೇ ಇರುತ್ತದೆ, ರಾಗಿ ಬಿತ್ತಲು ಅಡ್ಡಿಯಿಲ್ಲ. ಆದರೆ ಪೈಪ್ ಹಾದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕಟ್ಟೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ಮತ್ತು ಮಾವನ್ನೇ ನಂಬಿದ ಸೀಮೆಯಲ್ಲಿ ಮರ ನೆಡಬೇಡ ಅನ್ನುವುದು ಸಣ್ಣ ಮಾತಲ್ಲ. ಮಗನಿಗೊಂದು ಮನೆ ಕಟ್ಟಿಕೊಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಇಷ್ಟಕ್ಕೆಲ್ಲ ಕಾಯ್ದೆ ಕೊಡುವುದು, ಬೆಳೆ ಹಾನಿಯ ಪರಿಹಾರ ಬಿಟ್ಟರೆ, ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10. ಅದೂ ಒಂದೇ ಸಲ.

ಮೈಸೂರು ರಸ್ತೆಯ ಪಕ್ಕದಲ್ಲಿ ಭೂಮಿಯ ಬೆಲೆ ಏರಿದ ಬಗೆ ಎಲ್ಲರಿಗೂ ಗೊತ್ತು. ಈಗ ಸರ್ಕಾರವೇ ಬಿಡದಿ ಸುತ್ತ 9,000 ಎಕರೆಗೂ ಮಿಕ್ಕಿದ ಟೌನ್‌ಶಿಪ್ ಕಟ್ಟಲು ಹೊರಟಿದೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಬೀದಿಗಿಳಿದಿದ್ದಾರೆ. ಅವರ ಹೋರಾಟ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಆದರೂ ಅವರಿಗೆ ಕನಿಷ್ಠ ಎಕರೆಗೆ ಎಷ್ಟು ಎಂದು ಕೇಳುವ ಅವಕಾಶವಿದೆ. ಪೈಪ್ ಹಾದ ಹೊಲದವನ ಲೆಕ್ಕ ಆ ಶೇ 10ರಲ್ಲೇ ಮುಗಿದುಹೋಗಿದೆ.

ಇದಕ್ಕಿಂತ ಒಳ್ಳೆಯ ದಾರಿ ಪಕ್ಕದ ತುಮಕೂರು ಜಿಲ್ಲೆಯಲ್ಲೇ ಇದೆ. ಪಾವಗಡದ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಅಲ್ಲೂ ಭೂಮಿಯಿಲ್ಲದ ಕೂಲಿಕಾರರಿಗೆ ಏನೂ ದಕ್ಕಲಿಲ್ಲ, ಅದನ್ನು ಮರೆಯಬಾರದು. ಆದರೆ ಭೂಮಿಯಿಂದ ಕಂಪನಿಗೆ ಪ್ರತಿ ವರ್ಷ ಆದಾಯ ಬರುವುದಾದರೆ ರೈತನಿಗೂ ಪ್ರತಿ ವರ್ಷ ಬರಬೇಕು ಎಂಬ ತತ್ವ ಅಲ್ಲಿ ಒಪ್ಪಿತವಾಯಿತು. ಸೂರ್ಯನ ಬೆಳಕಿಗೆ ಸಂದ ನ್ಯಾಯ ಅನಿಲಕ್ಕೆ ಏಕೆ ಸಲ್ಲದು?

ಬಾಡಿಗೆ ಕೊಟ್ಟರೆ ಅನಿಲ ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಎಲ್‌ಎನ್‌ಜಿ ಬೆಲೆ ಮುಗಿಲಿಗೇರಿತು. ಬಂದರಿನಲ್ಲಿ ಅಷ್ಟು ಬೆಲೆ ತೆರಲು ಸಾಧ್ಯವಾಗುವ ವ್ಯವಸ್ಥೆಗೆ ಬಿಡದಿಯ ರೈತನ ನಾಲ್ಕು ಕಾಸು ಭಾರವೇ? ಬಾಡಿಗೆ ಕೇಳಲು ಇನ್ನೊಂದು ಕಾರಣವೂ ಇದೆ: ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್‌ನಲ್ಲಿ ಗೇಲ್ ಪೈಪ್‌ಲೈನ್ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತರು. ಕಾಲಡಿಯ ಆ ಅಪಾಯವನ್ನು ಹೊತ್ತುಕೊಂಡಿರುವವರು ಹೊಲದವರೇ.

ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲೇನಿದೆ ಎಂದು ರಾಜ್ಯ ಸರ್ಕಾರ ನುಣುಚಿಕೊಳ್ಳಬಾರದು. ಕೊಚ್ಚಿ–ಮಂಗಳೂರು ಪೈಪ್‌ಲೈನ್ ವಿರುದ್ಧ ಜನ ಸಿಡಿದೆದ್ದಾಗ ಕೇರಳ ಸರ್ಕಾರ 2017ರಲ್ಲಿ ಪರಿಹಾರ ಹೆಚ್ಚಿಸಿತು. ಕಾಯ್ದೆ ಅಲ್ಲಿಯೂ ಇದೇ. ಶೇ 10ರ ಕಲಂ ತೆಗೆದು ವಾರ್ಷಿಕ ಬಾಡಿಗೆ ನಿಗದಿ ಮಾಡಿ ಎಂದು ನಮ್ಮ ವಿಧಾನಸಭೆ ನಿರ್ಣಯ ಅಂಗೀಕರಿಸಿ ಕೇಂದ್ರಕ್ಕೆ ಕಳಿಸಲಿ. ಕಾಯ್ದೆ ತಿದ್ದುಪಡಿಯಾಗುವವರೆಗೆ, ಬೆಳಗಾವಿಯಿಂದ ಬಿಡದಿಯವರೆಗೆ ಪೈಪ್ ಹಾದ ಪ್ರತಿ ಸರ್ವೆ ನಂಬರಿಗೂ ರಾಜ್ಯವೇ ಮುಂದಿನ ಬಜೆಟ್ಟಿನಲ್ಲಿ ಹಣ ತೆಗೆದಿಡಲಿ.