ಅಸಲಿಗೆ ಕಟ್ಟಿದ್ದು ಖರ್ಚಲ್ಲ

ಬೋನಸ್ಸೋ ಚೀಟಿ ದುಡ್ಡೋ ಕೈಗೆ ಬಂದಾಗ ಗೃಹಸಾಲಕ್ಕೆ ಕಂತಿನ ಮೇಲೆ ಒಂದು ಲಕ್ಷ ಕಟ್ಟಿ ನಿರಾಳವಾಗುವವರು ನಮ್ಮಲ್ಲಿದ್ದಾರೆ. ಮನೆಯ ಜಮಾಖರ್ಚನ್ನು ಎಕ್ಸೆಲ್‌ನಲ್ಲೋ ಗ್ನೂಕ್ಯಾಶ್‌ನಂಥ ತಂತ್ರಾಂಶದಲ್ಲೋ ಇಡುವವರು ಆ ಲಕ್ಷವನ್ನೂ ‘ಸಾಲದ ಕಂತು’ ಎಂಬ ಖರ್ಚಿನಡಿ ಸೇರಿಸಿಬಿಡುವುದು ಸುಲಭ. ಅದು ತಪ್ಪು. ಅಸಲಿಗೆಂದು ಹೆಚ್ಚಾಗಿ ಕಟ್ಟಿದ ಹಣ ಕಟ್ಟಿದ ದಿನದ ತಾರೀಕಿನಲ್ಲೇ, ಬೇರೆಯೇ ನಮೂದಾಗಿ, ನೇರ ಸಾಲದ ಖಾತೆಗೆ ಜಮೆಯಾಗಬೇಕು.

30 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದುಕೊಳ್ಳಿ. ತಿಂಗಳ ಕಂತು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಮುಟ್ಟುವುದು 4,785. ವರ್ಷವಿಡೀ ಮೂರು ಲಕ್ಷಕ್ಕೂ ಮೀರಿ ಕಟ್ಟಿದರೂ ಬಾಕಿ ಇಳಿಯುವುದು ಸುಮಾರು 29.40 ಲಕ್ಷಕ್ಕೆ. ಆಗ ಒಂದು ಲಕ್ಷ ಅಸಲಿಗೆ ಕಟ್ಟಿದರೆ ಮುಂದಿನ ತಿಂಗಳ ಬಡ್ಡಿ 20,827ರ ಬದಲು 20,119. ಉಳಿದ 708 ರೂಪಾಯಿ ಅಸಲಿನ ಕಡೆ ಸರಿಯುತ್ತದೆ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. ಬಡ್ಡಿದರವೂ ಕಂತಿನ ಮೊತ್ತವೂ ಹಾಗೇ ಉಳಿದರೆ ಕೊನೆಯ 18 ಕಂತುಗಳೇ ಇಲ್ಲವಾಗುತ್ತವೆ, ಅಂದರೆ ಹತ್ತಿರಹತ್ತಿರ 4.7 ಲಕ್ಷ. ಆದರೆ ಸಾಲ ತೆಗೆದ ದಿನದ ಪಟ್ಟಿಯಂತೆ ಕಂತು ತಾನಾಗಿ ನಮೂದಾಗಲು ಬಿಟ್ಟಿದ್ದರೆ ತಂತ್ರಾಂಶ ಮುಂದಿನ ತಿಂಗಳೂ 20,827 ಎಂದೇ ಬರೆದುಕೊಳ್ಳುತ್ತದೆ. ಹೊಸ ಬಾಕಿಯಿಂದ ಪಟ್ಟಿಯನ್ನು ಮತ್ತೆ ಹಾಕದೆ ವಿಧಿಯಿಲ್ಲ.

ದುಡ್ಡು ಉಳಿತಾಯ ಖಾತೆಯಿಂದ ಹೋದದ್ದು ನಿಜ ತಾನೆ, ಖರ್ಚೆಂದರೆ ತಪ್ಪೇನು ಎಂದು ಕೇಳಬಹುದು. ಬಡ್ಡಿ ಖರ್ಚೇ. ಅಸಲಿನ ಮಾತು ಬೇರೆ: ಕೈಯಲ್ಲಿದ್ದ ಲಕ್ಷ ಹೋದಷ್ಟೇ ತಲೆಯ ಮೇಲಿನ ಸಾಲವೂ ಹೋಗಿದೆ. ಅದನ್ನು ಖರ್ಚೆಂದು ಬರೆದರೆ ಆ ತಿಂಗಳು ಮನೆಯವರೆಲ್ಲ ದುಂದು ಮಾಡಿದಂತೆ ಕಾಣುತ್ತದೆ, ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಹೊಟ್ಟೆಬಟ್ಟೆ ಕಟ್ಟಿ ಸಾಲ ತೀರಿಸುವವರಿಗೆ ಅವರದೇ ಲೆಕ್ಕದ ಪುಸ್ತಕ ಅನ್ಯಾಯ ಮಾಡಬಾರದು.

ಬ್ಯಾಂಕೇ ಲೆಕ್ಕ ಇಡುತ್ತದಲ್ಲ, ನಮಗೇಕೆ ಈ ತಾಪತ್ರಯ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿತು. ಈವರೆಗೆ ವಸೂಲಾದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇವನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕೆಂದು 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಒಳ್ಳೆಯ ನಿಯಮಗಳೇ. ಆದರೆ ಕಟ್ಟಿದ ಲಕ್ಷದಿಂದ ಅವಧಿ ಕಡಿಮೆಯಾಯಿತೋ ಕಂತು ಕಡಿಮೆಯಾಯಿತೋ, ಅದು ಅಸಲಿಗೆ ಸಂದಿತೋ ಮುಂದಿನ ಕಂತುಗಳಿಗೆಂದು ಸುಮ್ಮನೆ ಕೂತಿದೆಯೋ ಎಂದು ಪರೀಕ್ಷಿಸಲು ಎದುರಿಗೆ ನಮ್ಮದೊಂದು ಲೆಕ್ಕ ಬೇಕು. ಕಂತು ಇಳಿಸಿದರೆ ಅದೇ ಲಕ್ಷದಿಂದ ಉಳಿಯುವ ಬಡ್ಡಿ ಬಹಳ ಕಡಿಮೆ. ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗಂತೂ ಅಸಲಿಗೂ ಬಡ್ಡಿಗೂ ವಿನಾಯಿತಿಯ ಮಿತಿ ಬೇರೆಬೇರೆ. ಎರಡನ್ನೂ ಕಲಸಿದರೆ ವರ್ಷದ ಕೊನೆಗೆ ಬಿಡಿಸುವುದೇ ಕಷ್ಟ.

ಮುಂದಿನ ಸಲ ಬ್ಯಾಂಕಿನ ತ್ರೈಮಾಸಿಕ ವಿವರ ಬಂದಾಗ ಅದರ ಪಕ್ಕಕ್ಕೆ ನಿಮ್ಮ ಸಾಲದ ಖಾತೆಯನ್ನೂ ಇಟ್ಟುಕೊಳ್ಳಿ. ನೂರಿನ್ನೂರರ ವ್ಯತ್ಯಾಸ ದಿನಲೆಕ್ಕದ ಬಡ್ಡಿಯಿಂದ ಬಂದಿರಬಹುದು. ಸಾವಿರಗಳಲ್ಲಿದ್ದರೆ ಶಾಖೆಗೆ ಹೋಗಿ ಲಿಖಿತವಾಗಿ ಕೇಳಿ.