ಅಜ್ಜಿಯ ಪಾಟ್‌ಗೂ ಒಂದು ಪಾಡ್‌ಕಾಸ್ಟ್ ಬೇಡವೇ?

ನಮ್ಮ ಹುಡುಗರು ಈಗ ಇಯರ್‌ಫೋನ್ ಹಾಕಿಕೊಂಡು ಮಲಯಾಳಂನ ಮಾಪ್ಪಿಳ ಪಾಟ್ ಕೇಳುತ್ತಾರೆ. ಕೇಳಲಿ, ಬೇಡ ಅನ್ನುವುದಿಲ್ಲ. ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ರಚಿಸಿದ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಇಂದಿಗೂ ಉಳಿದಿದೆ, ಯಾಕೆಂದರೆ ಅವರು ಅದನ್ನು ಅರಬಿ-ಮಲಯಾಳಂ ಲಿಪಿಯಲ್ಲಿ ಬರೆದಿಟ್ಟರು. ನಮ್ಮ ಬ್ಯಾರಿ ಪಾಟ್ ಹೆಚ್ಚಿನದ್ದು ಬಾಯಿಂದ ಬಾಯಿಗೆ ಬಂದದ್ದು. ಹಾಡುವವರು ಹೋದರೆ ಅದೂ ಹೋಯಿತು.

ಮೊದಲೆಲ್ಲ ಮದುಮಗಳ ಕೈಗೆ ಮೊಯ್ಲಾಂಜಿ ಹಚ್ಚುವಾಗ ಹೆಂಗಸರು ಸುತ್ತ ಕೂತು ಮೊಯ್ಲಾಂಜಿ ಪಾಟ್ ಹಾಡ್ತಿದ್ದರು. ತೊಟ್ಟಿಲಿಗೆ ಉಂಜಲ್ ಪಾಟ್, ಗಂಡಸರಿಗೆ ದಫ್, ಕೋಲ್ಕಳಿ. ಈಗ ಬಂದರಿನಿಂದ ಉಳ್ಳಾಲದವರೆಗೆ ಯಾವ ಹಾಲ್‌ಗೆ ಹೋದರೂ ಸ್ಪೀಕರಿನದ್ದೇ ಸದ್ದು.

ಇದರಲ್ಲಿ ಉಸ್ತಾದರಾದ ನಮ್ಮ ತಪ್ಪೂ ಉಂಟು. ಅಶ್ಲೀಲ ಹಾಡು ಯಾವುದು, ಒಳ್ಳೆ ಪಾಟ್ ಯಾವುದು ಎಂದು ಬಿಡಿಸಿ ಹೇಳದೆ ನಾವು ಒಟ್ಟಿಗೇ ‘ಬೇಡ’ ಅಂದುಬಿಟ್ಟೆವು. ಮದುವೆ ದಿನ ಹುಡುಗಿಯರು ದಫ್ ಬಾರಿಸಿ ಹಾಡಿದ್ದು ಬುಖಾರಿಯ ಹದೀಸಿನಲ್ಲೇ ಇದೆ. ಅಜ್ಜಿಯರು ಸುಮ್ಮನಾದರು, ಡೀಜೆ ಸುಮ್ಮನಾಗಲಿಲ್ಲ.

ಪಾಡ್‌ಕಾಸ್ಟ್ ಮಾಡಲು ಸ್ಟುಡಿಯೋ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಪಾಟ್ ಮಾತ್ರವಲ್ಲ, ಅದನ್ನು ಯಾರಿಂದ ಕಲಿತರು, ಯಾವಾಗ ಹಾಡ್ತಿದ್ದರು ಎಂದೂ ಕೇಳಿ. ಸ್ವರ ಹೊರಗೆ ಹೋಗುವುದು ಬೇಡ ಎಂದು ಅಜ್ಜಿ ಹೇಳಿದರೆ ಒತ್ತಾಯ ಬೇಡ. ಸಾಲುಗಳನ್ನು ಬರೆದುಕೊಳ್ಳಿ, ಮಕ್ಕಳು ಕಲಿತು ಹಾಡಲಿ.

ಅಕ್ಟೋಬರ್ 3, ಬ್ಯಾರಿ ಭಾಷಾ ದಿನ. ಅಷ್ಟರೊಳಗೆ ಮನೆಗೊಂದು ಪಾಟ್ ಆದರೂ ಉಳಿಸೋಣ. ಮದ್ರಸದಲ್ಲಿ ಅದನ್ನು ಮಕ್ಕಳ ಬಾಯಿಗೆ ಕೊಡುವ ಕೆಲಸ ನಮ್ಮದು, ಇನ್‌ಶಾ ಅಲ್ಲಾಹ್.